ಮೇಫ್ಲೈ ಯಾವಾಗ ಏಳುತ್ತೆ, ಗಂಡು ಹೆಣ್ಣು ಹೇಗೆ ಕೂಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಫ್ಲೈ ಅಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: "ಒಂದು ದಿನ ಬದುಕಿ ಸಾಯುತ್ತಲ್ಲ, ಆ ಹುಳ ತಾನೇ?" ಹೌದು, ಅದೇ. ಆ ಒಂದು ದಿನದಲ್ಲಿ ಏನು ನಡೆಯುತ್ತೆ ಅಂತ ಕೇಳುವವರು ಕಡಿಮೆ. ಕೇಳಿದವರಿಗೆ ಹೇಳಿ ಹೇಳಿ ರೂಢಿಯಾದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಜಾಸ್ತಿ ಉದಾಹರಣೆ ಹಂಗೇರಿಯ ಟಿಸಾ ನದಿಯದು. ಗಂಡು ಹೆಣ್ಣುಗಳ ಹೊತ್ತಿನ ಲೆಕ್ಕ ಅಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆ ಕಡೆ ಕಾಣುವುದು ಅಪರೂಪ.

ಇದು ನಮ್ಮ ಮಳೆಗಾಲದ ಈಚಲು ಹುಳು ತಾನೇ?

ಅಲ್ಲ. ಈಚಲು ಅಂದರೆ ರೆಕ್ಕೆ ಬಂದ ಗೆದ್ದಲು. ಅದು ಹುತ್ತದಿಂದ ಏಳುತ್ತೆ, ಸ್ವಲ್ಪ ಹಾರಿ ರೆಕ್ಕೆ ಉದುರಿಸಿಕೊಳ್ಳುತ್ತೆ. ಆಮೇಲೆ ಗಂಡು ಹೆಣ್ಣು ಜೋಡಿಯಾಗಿ ನೆಲದಲ್ಲಿ ಸಂಸಾರ ಹೂಡುತ್ತವೆ. ಮೇಫ್ಲೈ ಏಳುವುದು ನೀರಿನಿಂದ. ಕೂತಾಗ ರೆಕ್ಕೆಗಳನ್ನು ಚಿಟ್ಟೆಯ ಹಾಗೆ ಬೆನ್ನ ಮೇಲೆ ನೆಟ್ಟಗೆ ಜೋಡಿಸಿ ನಿಲ್ಲಿಸುತ್ತೆ. ಹಿಂದೆ ಕೂದಲಿನಷ್ಟು ತೆಳ್ಳಗಿನ ಎರಡೋ ಮೂರೋ ಉದ್ದ ಬಾಲ ಇರುತ್ತವೆ. ಈ ಎರಡು ಗುರುತು ಸಾಕು.

ನಮ್ಮಲ್ಲೂ ಇವೆ. ಮಲೆನಾಡಿನ ಯಾವುದಾದರೂ ಹಳ್ಳದಲ್ಲಿ ಕಲ್ಲು ಮಗುಚಿ ನೋಡಿ. ಕಲ್ಲಿಗೆ ಅಂಟಿಕೊಂಡ ಹಾಗೆ ಓಡಾಡುವ ಚಪ್ಪಟೆ ಮರಿಗಳು ಕಂಡರೆ, ಅವುಗಳ ಹೊಟ್ಟೆಯ ಎರಡೂ ಬದಿಗೆ ಎಲೆ ತರದ ಕಿವಿರುಗಳು ಅಲ್ಲಾಡುತ್ತಿದ್ದರೆ, ಅವು ಮೇಫ್ಲೈ ಮರಿಗಳು. ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಇದಕ್ಕಿಲ್ಲ. ಹಾಗಾಗಿ ಮೇಫ್ಲೈ ಅಂತಲೇ ಬರೆಯುತ್ತೇನೆ.

ಆಯಸ್ಸು ನಿಜವಾಗಿ ಒಂದೇ ದಿನವಾ?

ರೆಕ್ಕೆ ಬಂದ ಮೇಲಿನ ಆಯಸ್ಸು ಅಷ್ಟೇ. ಅದಕ್ಕೂ ಮೊದಲು ನೀರೊಳಗೆ ತಿಂಗಳುಗಟ್ಟಲೆ ಬದುಕಿರುತ್ತೆ, ಕೆಲವು ಜಾತಿಗಳು ವರ್ಷಗಟ್ಟಲೆ. ಟಿಸಾ ನದಿಯ ಮೇಫ್ಲೈ ಮರಿ ದಡದ ಜೇಡಿಮಣ್ಣಿನಲ್ಲಿ ಬಿಲ ತೋಡಿಕೊಂಡು ಮೂರು ವರ್ಷ ಇರುತ್ತೆ. ಹೊರಗೆ ಬಂದು ಬದುಕುವುದು ಕೆಲವೇ ಗಂಟೆ. ಸಂಜೆ ಎದ್ದಿದ್ದು ಆ ರಾತ್ರಿ ಕಳೆಯುವುದಿಲ್ಲ.

ಇನ್ನೂ ಅವಸರದ ಜಾತಿ ಅಮೆರಿಕದಲ್ಲಿದೆ, ಡೊಲಾನಿಯಾ ಅಮೆರಿಕಾನಾ ಅಂತ. ಅದರ ಹೆಣ್ಣಿಗೆ ರೆಕ್ಕೆ ಬಂದ ಮೇಲೆ ಸಿಗುವುದು ಐದು ನಿಮಿಷಕ್ಕಿಂತ ಕಡಿಮೆ. ಅಷ್ಟರಲ್ಲೇ ಗಂಡು ಸಿಗಬೇಕು, ಕೂಡಬೇಕು, ಮೊಟ್ಟೆ ಇಡಬೇಕು.

ಇದಕ್ಕೆ ಉಲ್ಟಾ ಇರುವುದು ಕ್ಲೋಯಾನ್ ಡಿಪ್ಟೆರಮ್ ಅನ್ನುವ ಕೊಳದ ಮೇಫ್ಲೈ. ಅದರ ಹೆಣ್ಣು ಹತ್ತು ದಿನ, ಕೆಲವೊಮ್ಮೆ ಎರಡು ವಾರ ಬದುಕುತ್ತೆ. ಯಾಕೆ ಅಂತ ಮೊಟ್ಟೆಯ ಪ್ರಶ್ನೆ ಬಂದಾಗ ಹೇಳುತ್ತೇನೆ.

ಊಟ ಮಾಡಲ್ವಂತೆ, ಹೌದಾ?

ಹೌದು. ದೊಡ್ಡದಾದ ಮೇಲೆ ಬಾಯಿ ಕೆಲಸಕ್ಕೆ ಬರುವುದಿಲ್ಲ. ಅನ್ನನಾಳದ ತುಂಬ ಗಾಳಿ. ಮರಿಯಾಗಿದ್ದಾಗ ತಿಂದು ಕೂಡಿಟ್ಟಿದ್ದೇ ಬಂಡವಾಳ. ಅಂದಮೇಲೆ ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ.

ರೆಕ್ಕೆ ಬಂದ ಮೇಲೂ ಪೊರೆ ಬಿಡುತ್ತೆ ಅಂತಾರೆ. ಹಾಗಂದ್ರೆ ಏನು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಹಾರುವಂಥ ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಬಿಡುವ ಕೀಟ ಈಗ ಇರುವವುಗಳಲ್ಲಿ ಮೇಫ್ಲೈ ಒಂದೇ. ನೀರಿನಿಂದ ಎದ್ದಾಗ ಅದು ಪೂರ್ತಿ ಬಲಿತಿರುವುದಿಲ್ಲ. ರೆಕ್ಕೆ ಮಸುಕು ಮಸುಕು, ಹೊಗೆ ಹಿಡಿದ ಗಾಜಿನ ಬಣ್ಣ. ಅಂಚಿನಲ್ಲಿ ಸಣ್ಣ ಸಣ್ಣ ಕೂದಲು. ಹಾರುವುದೂ ತಡವರಿಸಿಕೊಂಡು. ಇಂಗ್ಲೆಂಡಿನಲ್ಲಿ ಗಾಳ ಹಾಕುವವರು ಈ ಹಂತಕ್ಕೆ ಡನ್ ಅಂತಾರೆ, ಪೂರ್ತಿ ಬಲಿತದ್ದಕ್ಕೆ ಸ್ಪಿನ್ನರ್ ಅಂತಾರೆ. ಇಲ್ಲಿ ಮೊದಲನೆಯದನ್ನು "ಅರೆಬಲಿತ" ಅನ್ನೋಣ.

ಹಳ್ಳದ ಪಕ್ಕದ ನೆಂಟರ ಮನೆಯಲ್ಲಿ ಒಮ್ಮೆ ಇದನ್ನು ಪೂರ್ತಿ ನೋಡಿದ್ದೇನೆ. ಜಗಲಿಯ ಟ್ಯೂಬ್‌ಲೈಟ್ ಕೆಳಗೆ ಗೋಡೆಗೆ ಒಂದು ಕೂತಿತ್ತು. ತುಂಬ ಹೊತ್ತು ಕದಲಲಿಲ್ಲ. ಸತ್ತಿದೆಯೇನೋ ಅಂದುಕೊಂಡೆ. ಆಮೇಲೆ ಬೆನ್ನ ಮೇಲೆ ಉದ್ದಕ್ಕೆ ಒಂದು ಸೀಳು ಬಿತ್ತು. ಅದರಿಂದ ಬೆನ್ನು ಉಬ್ಬಿ ಬಂತು, ತಲೆ ಬಂತು, ಕಾಲು ಬಂದವು. ರೆಕ್ಕೆಯನ್ನಂತೂ ಕೈಗವಸಿನಿಂದ ಬೆರಳು ಎಳೆದ ಹಾಗೆ ಎಳೆದುಕೊಂಡಿತು. ಕೊನೆಗೆ ಬಾಲ. ಹೊರಗೆ ಬಂದ ಹುಳದ ರೆಕ್ಕೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಬಾಲ ಹಳೆಯದಕ್ಕಿಂತ ಎಷ್ಟೋ ಉದ್ದ. ಅಷ್ಟುದ್ದದ್ದು ಅಷ್ಟು ಸಣ್ಣ ಪೊರೆಯೊಳಗೆ ಹೇಗಿತ್ತೋ! ಬೆಳಿಗ್ಗೆ ನೋಡಿದರೆ ಗೋಡೆಯಲ್ಲಿ ಬಿಳಿ ಪೊರೆ ಮಾತ್ರ ಇತ್ತು. ಮನೆಯವರು ಪೊರಕೆಯಲ್ಲಿ ಗುಡಿಸಿ ಬಿಟ್ಟರು.

ಈ ಎರಡನೇ ಪೊರೆ ಗಂಡಿಗೆ ಬಹಳ ಮುಖ್ಯ. ಅದರ ಮುಂಗಾಲು, ಬಾಲ ಪೂರ್ತಿ ಉದ್ದ ಆಗುವುದು ಆಗಲೇ. ಮುಂದೆ ಗಂಡು ಹೆಣ್ಣಿನ ಹೊತ್ತಿನ ಲೆಕ್ಕ ಬಂದಾಗ ಈ ವಿಷಯ ನೆನಪಿರಲಿ.

ಯಾವ ದಿನ ಏಳಬೇಕು ಅಂತ ಅವಕ್ಕೆ ಹೇಗೆ ಗೊತ್ತಾಗುತ್ತೆ?

ಮುಖ್ಯವಾಗಿ ನೀರಿನ ಬಿಸಿಯಿಂದ. ಮರಿ ಬೆಳೆಯಬೇಕಾದರೆ ಇಷ್ಟು ದಿನ ಇಷ್ಟು ಬಿಸಿ ಸೇರಬೇಕು ಅನ್ನುವ ಲೆಕ್ಕ ಇರುತ್ತೆ, ಬೆಳೆ ಕೊಯ್ಲಿಗೆ ಬರುವ ಹಾಗೆ. ಹಗಲಿನ ಉದ್ದವೂ ಸೇರಿಕೊಳ್ಳುತ್ತೆ. ಯೂರೋಪಿನಂಥ ಚಳಿ ದೇಶಗಳಲ್ಲಿ ಇದು ಬಹಳ ನಿಖರ. ಟಿಸಾದಲ್ಲಿ ಜೂನ್ ಮಧ್ಯದ ಸುಮಾರಿಗೆ ಶುರುವಾಗಿ ಕೆಲವೇ ದಿನಗಳಲ್ಲಿ ಮುಗಿಯುತ್ತೆ. ಆ ದಿನಗಳಲ್ಲಿ ನದಿಯ ಮೇಲೆಲ್ಲ ಹಳದಿ ಹುಳಗಳು. ಅಲ್ಲಿಯವರು ಅದಕ್ಕೆ "ಟಿಸಾ ಹೂ ಬಿಟ್ಟಿತು" ಅಂತಾರೆ, ಹುಳವನ್ನೇ "ಟಿಸಾ ಹೂ" ಅಂತ ಕರೀತಾರೆ. ಸೋಲ್ನೋಕ್ ಅನ್ನುವ ಊರಿನಲ್ಲಿ ಈ ಹೆಸರಿನ ಕಾಲುಸೇತುವೆಯೇ ಇದೆ.

ಚಳಿಗಾಲ ಅಂತ ಹೇಳಿಕೊಳ್ಳುವಷ್ಟು ಇಲ್ಲದ ಕಡೆ ಎಷ್ಟೋ ಜಾತಿಗಳು ವರ್ಷವಿಡೀ ಸ್ವಲ್ಪ ಸ್ವಲ್ಪ ಏಳುತ್ತಿರುತ್ತವೆ. ಆದರೆ ಅಲ್ಲೂ ಕೆಲವು ದಿನ ನೋಡುತ್ತವೆ. ಆಫ್ರಿಕದ ವಿಕ್ಟೋರಿಯಾ ಸರೋವರದ ಪೋವಿಲ್ಲಾ ಅದುಸ್ತಾ ಹುಣ್ಣಿಮೆ ಲೆಕ್ಕದಲ್ಲಿ ಏಳುತ್ತೆ. ಹುಣ್ಣಿಮೆ ಕಳೆದು ಒಂದೆರಡು ರಾತ್ರಿಗೆ ಗುಂಪು ದೊಡ್ಡದು. ಇದು 1950ರ ದಶಕದಲ್ಲೇ ದಾಖಲಾದ ವಿಷಯ.

ದಿನದ ಯಾವ ಹೊತ್ತಿನಲ್ಲಿ?

ಜಾತಿಗೊಂದು ಹೊತ್ತು. ಟಿಸಾದ್ದು ಸಂಜೆ, ಸೂರ್ಯ ಇಳಿಯುವಾಗ. ಡೊಲಾನಿಯಾ ಬೆಳಗಿನ ಜಾವ, ಬೆಳಕು ಹರಿಯುವ ಮೊದಲು. ಬಿಸಿಲಿನ ನಾಡುಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ. ಅರೆಬಲಿತ ಹುಳದ ಚರ್ಮ ತೆಳು. ಬಿಸಿಲಿಗೆ ಒಣಗುವ ಭಯ, ಹಗಲಿಡೀ ಹಕ್ಕಿಗಳ ಭಯ.

ಗಂಡು ಮೊದಲಾ, ಹೆಣ್ಣು ಮೊದಲಾ?

ಟಿಸಾದಲ್ಲಿ ಗಂಡು ಮೊದಲು. ಡೊಲಾನಿಯಾದಲ್ಲೂ ಗಂಡೇ ಮೊದಲು. ಎಲ್ಲ ಜಾತಿಯಲ್ಲೂ ಇಷ್ಟು ಚೊಕ್ಕ ಸಾಲು ಕಾಣುವುದಿಲ್ಲ. ಆದರೆ ಆಯಸ್ಸು ಚಿಕ್ಕದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತೆ.

ಟಿಸಾದ ಸಂಜೆಯನ್ನು ನೋಡಿ. ಮೊದಲು ನೀರಿನಿಂದ ಗಂಡುಗಳು ಏಳುತ್ತವೆ. ಎದ್ದವು ಸೀದಾ ದಡಕ್ಕೆ ಹಾರುತ್ತವೆ. ಪೊದೆ, ಮರ, ದೋಣಿ, ನೋಡಲು ಬಂದವರ ಅಂಗಿ, ಏನು ಸಿಕ್ಕಿದರೆ ಅದರ ಮೇಲೆ ಕೂತು ಎರಡನೇ ಪೊರೆ ಬಿಡುತ್ತವೆ. ಬಿಟ್ಟವು ತಿರುಗಿ ನದಿಗೆ ಹೋಗಿ, ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಾ ಹೆಣ್ಣು ಹುಡುಕುತ್ತವೆ. ಹೆಣ್ಣುಗಳು ಏಳುವುದು ಆಮೇಲೆ.

ಆ ಹೆಣ್ಣು ಎರಡನೇ ಪೊರೆ ಬಿಡುವುದೇ ಇಲ್ಲ! ಅರೆಬಲಿತ ರೂಪದಲ್ಲೇ ಕೂಡುತ್ತೆ, ಮೊಟ್ಟೆ ಇಡುತ್ತೆ, ಸಾಯುತ್ತೆ. ಡೊಲಾನಿಯಾ ಹೆಣ್ಣೂ ಅಷ್ಟೇ. ಮೊದಲ ಸಲ ಓದಿದಾಗ ಇದು ನನಗೆ ವಿಚಿತ್ರ ಅನ್ನಿಸಿತ್ತು. ಯೋಚಿಸಿ ನೋಡಿದರೆ ಸರಳ. ಗಂಡಿಗೆ ಬೇಕಾದ ಸಲಕರಣೆ ತಯಾರಾಗುವುದು ಆ ಕೊನೆಯ ಪೊರೆಯಲ್ಲಿ. ಹೆಣ್ಣಿಗೆ ಬೇಕಾದ್ದು ಮೊಟ್ಟೆ. ಅದು ನೀರಲ್ಲಿದ್ದಾಗಲೇ, ಮರಿಯ ಕೊನೆಯ ಹಂತದಲ್ಲೇ ಬಲಿತಿರುತ್ತೆ. ಮತ್ತೆ ಪೊರೆ ಬಿಡುತ್ತಾ ಕೂತರೆ ಇರುವ ಸ್ವಲ್ಪ ಹೊತ್ತೂ ದಂಡ.

ಗಂಡು ಮುಂಚೆ ಏಳುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತೆ. ಅದಕ್ಕೆ ಒಂದು ಕೆಲಸ ಜಾಸ್ತಿ ಇದೆ. ಹೆಣ್ಣು ಎದ್ದ ಕ್ಷಣದಲ್ಲಿ ಅದು ರೆಡಿ ಇರಬೇಕು. ತಡವಾದರೆ ಕಾಯುವಷ್ಟು ಪುರುಸೊತ್ತು ಹೆಣ್ಣಿಗಿಲ್ಲ.

ಲಕ್ಷಗಟ್ಟಲೆ ಒಟ್ಟಿಗೆ ಏಳುವುದು ಯಾಕೆ?

ಎರಡು ಲಾಭ. ಒಂದು, ಜೋಡಿ ಸಿಗುತ್ತೆ. ಕೆಲವೇ ಗಂಟೆ ಬದುಕುವ ಹುಳ ಒಂದು ದಿನ ಮುಂಚೆ ಎದ್ದರೆ ಅದರ ಕಥೆ ಮುಗಿಯಿತು. ಇನ್ನೊಂದು, ತಿನ್ನುವವರ ಹೊಟ್ಟೆ ತುಂಬಿಸಿ ಉಳಿದುಕೊಳ್ಳುವುದು. ಮೀನು, ಹಕ್ಕಿ, ಬಾವಲಿ, ಏರೋಪ್ಲೇನ್ ಚಿಟ್ಟೆ ಎಲ್ಲವೂ ಹಬ್ಬದೂಟಕ್ಕೆ ಬರುತ್ತವೆ. ಆದರೆ ಅವೂ ಎಷ್ಟು ತಿಂದಾವು? 1982ರಲ್ಲಿ ಸ್ವೀನಿ ಮತ್ತು ವ್ಯಾನೋಟ್ ಎಂಬ ವಿಜ್ಞಾನಿಗಳು ಡೊಲಾನಿಯಾದ ಮೇಲೆ ಈ ಲೆಕ್ಕವನ್ನೇ ನೋಡಿದರು. ಹೆಚ್ಚು ಹುಳ ಎದ್ದ ದಿನ ಒಂದೊಂದು ಹುಳ ಬೇರೆಯವರ ಬಾಯಿಗೆ ಬೀಳುವ ಅಪಾಯ ಕಡಿಮೆ. ಕಡಿಮೆ ಎದ್ದ ದಿನ ಜಾಸ್ತಿ.

ಗಂಡು ಯಾವುದು, ಹೆಣ್ಣು ಯಾವುದು ಅಂತ ಗುರುತಿಸುವುದು ಹೇಗೆ?

ಕಣ್ಣು ನೋಡಿ. ಸಾಮಾನ್ಯವಾಗಿ ಗಂಡಿನ ಕಣ್ಣು ದೊಡ್ಡದು. ಬೇಟಿಡೇ ಅನ್ನುವ ಕುಟುಂಬದಲ್ಲಂತೂ ಗಂಡಿಗೆ ಮಾಮೂಲಿ ಕಣ್ಣಿನ ಜೊತೆಗೆ ತಲೆಯ ಮೇಲೆ ಅಣಬೆಯ ಹಾಗೆ ಎದ್ದು ನಿಂತ ಇನ್ನೊಂದು ಜೋಡಿ ಇರುತ್ತೆ, ಮುಖ ಆಕಾಶಕ್ಕೆ. ಆಮೇಲೆ ಮುಂಗಾಲು. ಗಂಡಿನದು ಬಹಳ ಉದ್ದ, ಕೂತಾಗ ಕೈ ಮುಂದಕ್ಕೆ ಚಾಚಿ ನಿಂತ ಹಾಗೆ ಕಾಣುತ್ತೆ. ಹೊಟ್ಟೆಯ ತುದಿಯಲ್ಲಿ ಇಕ್ಕಳದಂಥ ಜೋಡಿ ಕೊಂಡಿ ಇದ್ದರೆ ಅನುಮಾನವೇ ಬೇಡ, ಗಂಡು. ಹೆಣ್ಣು ಸಾಮಾನ್ಯವಾಗಿ ದಪ್ಪ. ಹೊಟ್ಟೆ ತುಂಬ ಮೊಟ್ಟೆ.

ಸಂಜೆ ಹೊಳೆ ದಡದಲ್ಲಿ ಮೇಲೆ ಕೆಳಗೆ ಕುಣಿಯುತ್ತಿರುತ್ತವಲ್ಲ, ಅವು ಏನು ಮಾಡ್ತಿವೆ?

ಅದು ಗಂಡುಗಳ ಗುಂಪು. ಎಲ್ಲ ಜಾತಿಗೂ ಈ ಕುಣಿತ ಇಲ್ಲ. ಟಿಸಾದವು ನೀರಿಗೆ ಅಂಟಿಕೊಂಡೇ ಹಾರುತ್ತವೆ ಅಂತ ಆಗಲೇ ಹೇಳಿದೆ. ಆದರೆ ಬಹಳಷ್ಟು ಜಾತಿಯ ಗಂಡುಗಳು ಕುಣಿಯುತ್ತವೆ. ರೆಕ್ಕೆ ಬಡಿದು ಒಂದಷ್ಟು ಮೇಲೆ ಏರುವುದು, ಆಮೇಲೆ ರೆಕ್ಕೆ, ಬಾಲ ಹರಡಿ ಪ್ಯಾರಾಚೂಟ್ ಹಾಗೆ ತೇಲಿ ಇಳಿಯುವುದು, ಮತ್ತೆ ಏರುವುದು. ಜಾಗವನ್ನೂ ಸುಮ್ನೆ ಆರಿಸುವುದಿಲ್ಲ. ಒಂದು ಒಂಟಿ ಮರ, ಪೊದೆಯ ಅಂಚು, ನೀರು ದಡ ಸೇರುವ ಗೆರೆ, ಹೀಗೆ ಕಣ್ಣಿಗೆ ಬೀಳುವ ಗುರುತು ಇರಬೇಕು. ಹೆಣ್ಣಿಗೂ ಅದೇ ಗುರುತು. ಊರ ಹೆಬ್ಬಾಗಿಲಲ್ಲಿ ಸಿಗೋಣ ಅಂದ ಹಾಗೆ.

ಕೂಡುವುದು ಹೇಗೆ?

ಹೆಣ್ಣು ಆ ಗುಂಪಿನ ಮೇಲಿಂದ ಹಾರಿ ಬರುತ್ತೆ. ಕೆಳಗಿರುವ ಗಂಡಿಗೆ ಆಕಾಶದ ಬೆಳಕಿನ ಎದುರು ಅದು ಕಪ್ಪು ಚುಕ್ಕೆಯಾಗಿ ಕಾಣುತ್ತೆ. ಮೇಲ್ಮುಖದ ಆ ಕಣ್ಣು ಬೇಕಾಗಿದ್ದು ಇದಕ್ಕೇ. ಗಂಡು ಕೆಳಗಿನಿಂದ ನುಗ್ಗಿ, ಉದ್ದದ ಮುಂಗಾಲುಗಳನ್ನು ಮೇಲಕ್ಕೆ ಚಾಚಿ ಹೆಣ್ಣಿನ ಎದೆಭಾಗವನ್ನು ತಬ್ಬಿ ಹಿಡಿಯುತ್ತೆ. ಆಮೇಲೆ ಹೊಟ್ಟೆಯ ತುದಿಯನ್ನು ಮೇಲಕ್ಕೆ ಬಾಗಿಸಿ, ಕೊಂಡಿಗಳಿಂದ ಹೆಣ್ಣಿನ ಹೊಟ್ಟೆ ಹಿಡಿದು ಕೂಡುತ್ತೆ. ಇಬ್ಬರೂ ಹಾರುತ್ತಲೇ ಇರುತ್ತಾರೆ, ಅಥವಾ ಹಾರುತ್ತಾ ನಿಧಾನಕ್ಕೆ ಕೆಳಗಿಳಿಯುತ್ತಾರೆ. ಸಾಮಾನ್ಯವಾಗಿ ಕೆಲವು ಸೆಕೆಂಡಿನ ಕೆಲಸ. ಮೇಫ್ಲೈ ಗಂಡಿಗೆ ಜನನಾಂಗ ಒಂದು ಜೋಡಿ, ಹೆಣ್ಣಿಗೂ ದ್ವಾರ ಎರಡು. ಕೀಟಗಳಲ್ಲಿ ಇದು ತುಂಬ ಹಳೆಯ ಕಾಲದ ವ್ಯವಸ್ಥೆ.

ಬಿಟ್ಟ ಮೇಲೆ ಗಂಡು ಮತ್ತೆ ಗುಂಪಿಗೆ ಹೋಗುತ್ತೆ, ಶಕ್ತಿ ಇರುವವರೆಗೆ ಕುಣಿಯುತ್ತೆ. ಹೆಣ್ಣು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಮೊಟ್ಟೆ ಎಲ್ಲಿಡುತ್ತೆ?

ನೀರಿಗೆ. ಮೇಫ್ಲೈ ಹೆಣ್ಣಿಗೆ ಮೊಟ್ಟೆ ಇಡುವ ಕೊಳವೆ ಇಲ್ಲ. ಹೆಚ್ಚಿನವು ಹೊಟ್ಟೆಯ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಉದುರಿಸುತ್ತವೆ. ಕೆಲವು ಒಂದೇ ಗಂಟು ಮಾಡಿ ಬೀಳಿಸುತ್ತವೆ. ಜಾತಿಗೆ ತಕ್ಕಂತೆ ನೂರಾರಿನಿಂದ ಸಾವಿರಾರು.

ಮೂರು ಹೆಣ್ಣುಗಳನ್ನು ಇಲ್ಲಿ ಹೇಳಲೇಬೇಕು.

ಟಿಸಾದ ಹೆಣ್ಣು ಕೂಡಿದ ಮೇಲೆ ಅಲ್ಲೇ ಮೊಟ್ಟೆ ಇಡುವುದಿಲ್ಲ. ಹೊಳೆ ಹರಿಯುವ ದಿಕ್ಕಿಗೆ ಎದುರಾಗಿ ಕಿಲೋಮೀಟರುಗಟ್ಟಲೆ ಮೇಲಕ್ಕೆ ಹಾರುತ್ತೆ. ಮೊಟ್ಟೆ ತಳ ಸೇರುವಷ್ಟರಲ್ಲಿ ಹರಿವು ಕೆಳಕ್ಕೆ ತಳ್ಳುತ್ತದಲ್ಲ, ಅದಕ್ಕೆ ಮುಂಗಡ ಲೆಕ್ಕ. ಹೀಗೆ ಹಾರುವಾಗ ನೀರಿನ ಹೊಳಪೇ ದಾರಿ. ಸೇತುವೆ ಅಡ್ಡ ಬಂದರೆ ಆ ಹೊಳಪು ತುಂಡಾಗುತ್ತೆ, ಎಷ್ಟೋ ಹೆಣ್ಣುಗಳು ಅಲ್ಲಿಂದಲೇ ವಾಪಸ್. ಹಂಗೇರಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದು ಇದು. ಅಡಿಯಲ್ಲಿ ಧಾರಾಳ ಜಾಗ ಇದ್ದರೂ ದಾಟಲ್ಲ!

ಬೇಟಿಸ್ ಅನ್ನುವ ಜಾತಿಯ ಹೆಣ್ಣು ರೆಕ್ಕೆ ಮಡಚಿಕೊಂಡು, ನೀರಿಂದ ಮೇಲೆದ್ದ ಕಲ್ಲನ್ನು ಹಿಡಿದು ನೀರೊಳಗೇ ಇಳಿಯುತ್ತೆ. ಕಲ್ಲಿನ ಅಡಿಯಲ್ಲಿ ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತೆ. ಬಹಳಷ್ಟು ಸಲ ತಿರುಗಿ ಮೇಲೆ ಬರುವುದಿಲ್ಲ.

ಇನ್ನೊಂದು ಆಗ ಹೇಳಿದ ಕ್ಲೋಯಾನ್. ಇದು ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಒಂದು ಕಡೆ ಅಲ್ಲಾಡದೆ ಕೂತು ದಿನ ಕಳೆಯುತ್ತೆ. ಒಳಗೆ ಮರಿ ಬಲಿತ ಮೇಲೆ ಕೊಳಕ್ಕೆ ಹಾರಿ ಬಿಡುತ್ತೆ. ನೀರು ತಾಗಿದ ಕೂಡಲೇ ಮೊಟ್ಟೆ ಒಡೆದು ಮರಿ ಈಜುತ್ತವೆ. ಎರಡು ವಾರದ ಆಯಸ್ಸು ಬಾಣಂತನಕ್ಕಲ್ಲ, ಬಸುರಿಗೆ ಅನ್ನಬಹುದು. ಅದರ ಗಂಡು ಅಷ್ಟು ದಿನ ಇರುವುದಿಲ್ಲ.

ಗಂಡೇ ಸಿಗದಿದ್ದರೆ?

ಕೆಲವು ಜಾತಿಗಳಲ್ಲಿ ಗಂಡಿನ ಹಂಗೇ ಇಲ್ಲ. ನಿಯೋಕ್ಲೋಯಾನ್ ಟ್ರೈಯಾಂಗ್ಯುಲಿಫರ್ ಅನ್ನುವುದು ಹೆಣ್ಣಿಂದ ಹೆಣ್ಣೇ ಹುಟ್ಟುವ ಜಾತಿ. ಸಾಕುವುದು ಸುಲಭ ಅಂತ ಅಮೆರಿಕದ ಪ್ರಯೋಗಾಲಯಗಳು ನೀರಿನ ವಿಷ ಪರೀಕ್ಷೆಗೆ ಇದನ್ನೇ ಬಳಸುತ್ತವೆ. ಮಾಮೂಲಿ ಜಾತಿಗಳಲ್ಲೂ ಕೂಡದೆ ಇಟ್ಟ ಮೊಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಒಡೆಯುವುದುಂಟು. ಅದನ್ನು ನಂಬಿ ವಂಶ ನಡೆಯುವುದಿಲ್ಲ.

ಟಾರು ರಸ್ತೆ ಮೇಲೆ ಮೊಟ್ಟೆ ಇಡುತ್ತವಂತೆ, ಯಾಕೆ?

ಮೋಸ ಹೋಗುತ್ತವೆ. ನೀರಿನ ಮೇಲ್ಮೈಯಿಂದ ತಿರುಗಿ ಬರುವ ಬೆಳಕಿನ ಅಲೆಗಳು ಹೆಚ್ಚಾಗಿ ನೆಲಕ್ಕೆ ಸಮನಾಗಿ ಅಡ್ಡಡ್ಡ ಆಡುತ್ತವೆ. ನಮ್ಮ ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಮೇಫ್ಲೈ ಕಣ್ಣಿಗೆ ತಿಳಿಯುತ್ತೆ. ನೀರನ್ನು ಅದು ಗುರುತು ಹಿಡಿಯುವುದೇ ಹಾಗೆ. ಒಣಗಿದ ಕಪ್ಪು ಟಾರು ರಸ್ತೆಯೂ ಅಂಥದೇ ಬೆಳಕು ಕೊಡುತ್ತೆ, ಕೆಲವೊಮ್ಮೆ ಹಳ್ಳದ ನೀರಿಗಿಂತ ಜೋರಾಗಿ. 1998ರಲ್ಲಿ ಕ್ರಿಶ್ಕಾ, ಹೊರ್ವಾತ್ ಮತ್ತು ಅವರ ಜೊತೆಗಾರರು ಹಂಗೇರಿಯ ಒಂದು ಹಳ್ಳದ ಪಕ್ಕದ ರಸ್ತೆಯಲ್ಲಿ ಇದನ್ನು ತೋರಿಸಿದರು. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದರೆ ಹುಳ ಬಂದವು, ಬಿಳಿ ಬಟ್ಟೆಗೆ ಬರಲಿಲ್ಲ. ಅಷ್ಟು ವರ್ಷ ನೀರಲ್ಲಿ ಕಳೆದು, ಅಷ್ಟು ಕರಾರುವಾಕ್ಕಾಗಿ ಎದ್ದು, ಜೋಡಿ ಹುಡುಕಿ, ಕೊನೆಗೆ ಮೊಟ್ಟೆಯೆಲ್ಲ ಟಾರಿನ ಪಾಲು. ಹೊಟ್ಟೆ ಉರಿಯುತ್ತೆ.

ರಾಡಾರಿನಲ್ಲಿ ಕಾಣುವಷ್ಟು ಏಳುತ್ತವೆ ಅನ್ನೋದು ನಿಜವಾ?

ನಿಜ. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಹೆಕ್ಸಾಜೀನಿಯಾ ಅನ್ನುವ ದೊಡ್ಡ ಮೇಫ್ಲೈ ಇದೆ. 2014ರ ಜುಲೈ 20ರ ಸಂಜೆ ಲಾ ಕ್ರಾಸ್ ಊರಿನ ಹವಾಮಾನ ರಾಡಾರಿನಲ್ಲಿ ಅದರ ಗುಂಪು ಮಳೆಮೋಡದ ಹಾಗೆ ಕಂಡಿತು. ಇದರ ಹೊತ್ತಿನ ಲೆಕ್ಕ ಟಿಸಾದ್ದಕ್ಕಿಂತ ನಿಧಾನ. ಒಂದು ರಾತ್ರಿ ಏಳುತ್ತೆ, ಮರದಲ್ಲಿ ಕೂತು ಪೊರೆ ಬಿಡುತ್ತೆ, ಮರುದಿನ ಮುಸ್ಸಂಜೆಗೆ ಕೂಡುತ್ತೆ. ಇದರಲ್ಲಿ ಹೆಣ್ಣೂ ಪೊರೆ ಬಿಡುತ್ತೆ. ಒಂದು ದಿನ ಬಿಡುವಿದ್ದರೆ ಆ ಕೆಲಸ ಬಿಡಬೇಕಾಗಿಲ್ಲ ನೋಡಿ. ಸೇತುವೆಗಳ ಮೇಲೆ ಸತ್ತು ಬಿದ್ದ ರಾಶಿಯಲ್ಲಿ ಗಾಡಿ ಜಾರುತ್ತೆ ಅಂತ ಹಿಮ ತಳ್ಳುವ ಯಂತ್ರ ತಂದು ಬಳಿದದ್ದೂ ಉಂಟು.

ಇವು ಕಡಿಮೆಯಾಗುತ್ತಿವೆಯಾ?

ಹಲವು ಕಡೆ ಹೌದು. ಟಿಸಾದ ಮೇಫ್ಲೈ ಒಂದು ಕಾಲಕ್ಕೆ ಪಶ್ಚಿಮ ಯೂರೋಪಿನಲ್ಲೂ ಇತ್ತು. 1675ರಲ್ಲಿ ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ ಇದರ ಬದುಕಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಈಗ ಆ ಕಡೆ ಇಲ್ಲ. ನದಿಯನ್ನು ಕಟ್ಟಿ, ದಡಕ್ಕೆ ಕಲ್ಲು ಹಾಕಿ, ಕೊಳಕು ಬಿಟ್ಟರೆ ಜೇಡಿದಡದ ಬಿಲ ಎಲ್ಲಿ ಉಳಿಯುತ್ತೆ? 2000ದ ಜನವರಿ 30ರಂದು ರುಮೇನಿಯಾದ ಬಾಯಾ ಮಾರೆ ಹತ್ತಿರದ ಚಿನ್ನದ ಗಣಿ ಘಟಕದಿಂದ ಸಯನೈಡ್ ಹರಿದು ಟಿಸಾ ಸೇರಿತು. ಮೀನುಗಳು ಟನ್‌ಗಟ್ಟಲೆ ಸತ್ತವು. ಆದರೂ ಟಿಸಾ ಮತ್ತೆ ಹೂ ಬಿಟ್ಟಿದೆ.

ಅಮೆರಿಕದ ಈರಿ ಸರೋವರದ ಪಶ್ಚಿಮ ಭಾಗದಲ್ಲಿ 1953ರಲ್ಲಿ ತಳದ ನೀರಿನಲ್ಲಿ ಆಮ್ಲಜನಕ ಕುಸಿದು ಹೆಕ್ಸಾಜೀನಿಯಾ ಮರಿಗಳು ಸಾಮೂಹಿಕವಾಗಿ ಸತ್ತವು. ತಿರುಗಿ ಬಂದದ್ದು 1990ರ ದಶಕದಲ್ಲಿ. ನೀರು ಬಿಸಿಯಾಗುವುದೂ ಒಂದು ತೊಂದರೆ. ಬಿಸಿ ಹೆಚ್ಚಾದರೆ ಮರಿ ಬೇಗ ಬಲಿಯುತ್ತೆ, ಆದರೆ ಗಾತ್ರ ಚಿಕ್ಕದು. ಚಿಕ್ಕ ಹೆಣ್ಣು ಅಂದರೆ ಕಡಿಮೆ ಮೊಟ್ಟೆ.

ನಾನು ನೋಡಬೇಕಾದರೆ?

ಟಿಸಾಗೆ ಹೋಗುವುದಾದರೆ ಜೂನ್ ಎರಡನೇ ವಾರದಿಂದ ಸಿದ್ಧವಾಗಿರಿ, ಸಂಜೆ ಹೊತ್ತು ದೋಣಿಯಲ್ಲಿರಿ. ತಿಳಿ ಬಣ್ಣದ ಅಂಗಿ ಬೇಡ ಅನ್ನುವವರ ಮಾತು ಕೇಳಬೇಡಿ, ಗಂಡು ನಿಮ್ಮ ತೋಳಿನ ಮೇಲೆ ಪೊರೆ ಬಿಟ್ಟರೆ ಅದಕ್ಕಿಂತ ಏನು ಬೇಕು? ನಮ್ಮ ಕಡೆಯಾದರೆ ಹಳ್ಳದ ಪಕ್ಕ ಬಿಳಿ ಪಂಚೆ ಕಟ್ಟಿ, ಹಿಂದೆ ಒಂದು ದೀಪ ಇಟ್ಟು, ಕತ್ತಲಾದ ಮೇಲೆ ಒಂದೆರಡು ಗಂಟೆ ಕಾಯಿರಿ. ರೆಕ್ಕೆ ಮಸುಕಾಗಿರುವ ಒಂದನ್ನು ಆರಿಸಿಕೊಂಡು ಅದರ ಎದುರೇ ಕೂತುಬಿಡಿ. ನೋಡಿ ಮುಗಿದ ಮೇಲೆ ದೀಪ ಆರಿಸುವುದು ಮರೆಯಬೇಡಿ. ಅವು ನೀರಿಗೆ ಹೋಗಬೇಕು.